ಹುಟ್ಟುವಾಗ ದುಂಡಗಿತ್ತು

ಹೊಲಿಗೆ ಮಷೀನು ಮತ್ತೆ ನಿಂತಿತು. ದರ್ಜಿ ಅಂಗಿಯನ್ನು ಸೂಜಿಯ ಕೆಳಗಿನಿಂದ ಎಳೆದುಕೊಂಡು, ಪಕ್ಕದ ಹೊಲಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಇನ್ನೂ ಸಡಿಲ. ಬ್ಲೇಡು ತೆಗೆದುಕೊಂಡು ಈಗಷ್ಟೇ ಹಾಕಿದ ಹೊಲಿಗೆಯನ್ನು ಬಿಚ್ಚತೊಡಗಿದ.

"ಅಪ್ಪಾ, ಸಾಕು ಮಾಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಪೆಟ್ಟಿಗೆ ಬಂದಾಯ್ತು. ಅಮ್ಮನ ಅಂಗಿಯ ಪಕ್ಕದ ಹೊಲಿಗೇನ ಈಗ ಯಾರು ನೋಡ್ತಾರೆ?"

"ನಾನು ನೋಡ್ತೀನಿ. ದರ್ಜಿ ಹೆಂಡ್ತಿ ಗೋಣಿಚೀಲ ಹಾಕ್ಕೊಂಡ ಹಾಗೆ ಹೋಗೋದಾ?"

ಅಂಗಿ ಅವನೇ ಹೊಲಿದದ್ದು. ದಪ್ಪ ಬಟ್ಟೆ, ಉದ್ದ ತೋಳು, ಎಲ್ಲಿ ನೋಡಿದರೂ ಜೇಬು. ಬಿಸಿಲಲ್ಲಿ ಕಲ್ಲು ಹುಡುಕಿಕೊಂಡು ಅಲೆಯುವವಳಿಗೆ ಜೇಬು ಎಷ್ಟಿದ್ದರೂ ಸಾಲದು. ಆ ಜೇಬುಗಳೆಲ್ಲ ಕಲ್ಲು ತುಂಬಿ ತುಂಬಿ ಜೋತುಬಿದ್ದಿದ್ದವು. ಅಂಗಿಯೊಳಗಿನ ಹೆಂಗಸು ಮಾತ್ರ ಕಾಯಿಲೆಯಲ್ಲಿ ಅರ್ಧವಾಗಿ, ಆಮೇಲೆ ಅರ್ಧದಲ್ಲೂ ಅರ್ಧವಾಗಿ, ನಿನ್ನೆ ಬೆಳಿಗ್ಗೆ ಉಸಿರು ಬಿಟ್ಟಿದ್ದಳು. ಈಗ ಪಕ್ಕದ ಕೋಣೆಯಲ್ಲಿ ಹೊದಿಕೆಯ ಕೆಳಗೆ ಮಲಗಿದ್ದಳು. ಮಧ್ಯಾಹ್ನ ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು.

ಮಗಳ ಹಿಂದಿನಿಂದ ಸತ್ತವಳ ಅಕ್ಕ ಬಂದಳು. ಬೆಳಗಿನಿಂದ ಅಳುತ್ತಿದ್ದಳು, ಮಧ್ಯೆ ಮಧ್ಯೆ ಬೈಯುತ್ತಲೂ ಇದ್ದಳು. ಎರಡನ್ನೂ ಮನಸ್ಸಿಟ್ಟೇ ಮಾಡುವವಳು.

"ಅಲ್ರೀ, ಬಂದ ಜನ ಎಲ್ಲಿ ಕೂರ್ಬೇಕು ಹೇಳಿ? ಮುಂದಿನ ಕೋಣೇಲಿ ಕಾಲಿಡೋಕೆ ಜಾಗ ಇಲ್ಲ. ಹಿಂದಿನ ಶೆಡ್ಡು ನೋಡಿದ್ರೆ ಬರೀ ಕಲ್ಲು. ಅದನ್ನ ಒಂದು ಮೂಲೆಗೆ ಸುರಿದು ಕುರ್ಚಿ ಹಾಕಿಸ್ತೀನಿ ಅಂದ್ರೆ ನಿಮ್ಮ ಮಗಳು ನನ್ನ ಮೇಲೇ ಎಗರಾಡ್ತಾಳೆ."

"ಶೆಡ್ಡಿಗೆ ಮಾತ್ರ ಕೈ ಹಾಕ್ಬೇಡಿ ಅತ್ತಿಗೆ," ಎಂದ ದರ್ಜಿ, ತಲೆಯೆತ್ತದೆ. "ಇವತ್ತು ಅವಳ ಶಿಷ್ಯೆ ಬರ್ತಾಳೆ. ಆ ಕಲ್ಲು ನೋಡೋಕೆ ಯಾರಾದ್ರೂ ಬರ್ತಾರೆ ಅಂತ ನಿಮ್ಮ ತಂಗಿ ಎಷ್ಟು ವರ್ಷ ಕಾದ್ಲು, ನಿಮಗೇ ಗೊತ್ತಲ್ಲ."

"ಕಾದ್ಲು, ಕಾದ್ಲು. ಕಾದು ಕಾದು ಹೋಗೇಬಿಟ್ಲು," ಎಂದು ಅಕ್ಕ ಬರಿಗೈಯಲ್ಲೇ ಮೂಗೊರೆಸಿಕೊಂಡು ಹೊರಗೆ ಹೋದಳು.

ಸತ್ತವಳು ಊರಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಳು. ಬೀದಿಯವರಿಗೆ ಮಾತ್ರ ಅವಳು ಗುಂಡಿ ಟೀಚರ್. ಊರಾಚೆ, ರೈಲು ಹಳಿ ದಾಟಿದರೆ ಒಂದು ಉದ್ದನೆಯ ತಗ್ಗು ಇದೆ. ತಗ್ಗು ಎಂದು ಯಾರಾದರೂ ಹೇಳಿದರಷ್ಟೇ ತಗ್ಗು, ಇಲ್ಲದಿದ್ದರೆ ಬರೀ ಬಯಲು. ಎಷ್ಟೋ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂಡೆಯೊಂದು ಬಿದ್ದು ಆದ ಗುಂಡಿ ಅದು. ಬಿದ್ದದ್ದು ನಿಜ ಎಂದು ದೊಡ್ಡ ದೊಡ್ಡವರೂ ಒಪ್ಪಿದ್ದರು. ತಕರಾರಿದ್ದದ್ದು ಆಕಾರದ ಬಗ್ಗೆ. ಇಂಥ ಗುಂಡಿಗಳು ದುಂಡಗಿರುತ್ತವೆ, ಇದು ಮೊಟ್ಟೆಯ ಹಾಗೆ ಉದ್ದಕ್ಕಿದೆ. ಬಂಡೆ ತೀರಾ ಓರೆಯಾಗಿ, ನೆಲ ಸವರಿಕೊಂಡು ಬಂದು ಬಿದ್ದಿದೆ, ಹಾಗಾಗಿ ಗುಂಡಿ ಹುಟ್ಟುವಾಗಲೇ ಉದ್ದ ಎಂದು ದೊಡ್ಡವರು ಬರೆದರು. ಗುಂಡಿ ಟೀಚರ್ ಒಪ್ಪಲಿಲ್ಲ. ಹುಟ್ಟುವಾಗ ಅದು ದುಂಡಗೇ ಇತ್ತು, ಆಮೇಲೆ ನೆಲ ಎರಡು ಕಡೆಯಿಂದ ಒತ್ತಿ ಒತ್ತಿ ಉದ್ದ ಮಾಡಿತು ಎಂದು ಅವಳ ಹಟ. ಗಣಿ ಕಂಪನಿಯೊಂದು ಆ ತಗ್ಗಿನ ನಡುವೆ ಆಳಕ್ಕೆ ಕೊರೆದು, ಏನೂ ಸಿಗದೆ, ಕೊರೆದು ತೆಗೆದ ಕಲ್ಲಿನ ಉರುಳೆಗಳನ್ನು ಅಲ್ಲೇ ಬಿಟ್ಟು ಹೋಗಿತ್ತು. ಅವನ್ನು ಮರದ ಟ್ರೇಗಳ ಸಮೇತ ಮನೆಗೆ ತಂದು ಶೆಡ್ಡು ತುಂಬಿದಳು. ಅಳೆದಳು, ಬರೆದು ಕಳಿಸಿದಳು. ಬರೆದದ್ದನ್ನು ನಂಬುವುದಕ್ಕಾಗುವುದಿಲ್ಲ, ಕಲ್ಲನ್ನೇ ನಾವು ಅಳೆದು ನೋಡಬೇಕು ಎಂದು ದೊಡ್ಡ ಸಂಸ್ಥೆಯವರು ಹೇಳಿದರು. ಹೇಳಿದವರು ಯಾರೂ ಬರಲಿಲ್ಲ. ಕೊನೆಗೆ ಅವಳ ಶಿಷ್ಯೆಯೇ ಒಬ್ಬಳು ಆ ಸಂಸ್ಥೆಗೆ ಸೇರಿ, ನಾನು ಬರುತ್ತೇನೆ ಟೀಚರ್ ಎಂದಿದ್ದಳು.

ಹೆಂಡತಿ ನೋಡದಿದ್ದರೂ ಪರವಾಗಿಲ್ಲ, ಅವಳು ಹೇಳಿದ್ದು ಸರಿ ಎಂದು ಯಾರಾದರೂ ಒಬ್ಬರು ಹೇಳುವುದನ್ನು ಕಿವಿಯಾರೆ ಕೇಳಬೇಕು. ದರ್ಜಿಗೆ ಈಗ ಬೇಕಾಗಿದ್ದದ್ದು ಅದೊಂದೇ.

*

ಮದುವೆಯಾದ ಹೊಸತು. ದರ್ಜಿ ಊಟಕ್ಕೆ ಎದ್ದು ಕೈ ತೊಳೆದು ಬರುವಷ್ಟರಲ್ಲಿ ಹೆಂಡತಿ ಅವನ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಳು. ಮೇಜಿನ ಮೇಲಿದ್ದ ಬೂದು ಬಟ್ಟೆಯ ನಡುವೆ ಅವನದೇ ಸೀಮೆಸುಣ್ಣದಲ್ಲಿ, ತಟ್ಟೆ ಕವುಚಿಟ್ಟು, ದೊಡ್ಡದೊಂದು ಸೊನ್ನೆ ಬರೆದಿದ್ದಳು.

"ಅಯ್ಯೋ, ಏನೇ ಇದು! ಯಾರದ್ದೋ ಪ್ಯಾಂಟಿನ ಬಟ್ಟೆ ಕಣೇ ಅದು!"

"ಒಗೆದ್ರೆ ಹೋಗತ್ತೆ, ಅರಚ್ಬೇಡಿ. ಆ ಮೂಲೆ ಹಿಡ್ಕೊಳ್ಳಿ."

"ಯಾಕೆ?"

"ಹಿಡ್ಕೊಳ್ಳಿ ಅಂದ್ನಲ್ಲ."

ಹಿಡಿದುಕೊಂಡ. ಎದುರು ಮೂಲೆ ಹಿಡಿದು ಅವಳು ಎಳೆದಳು. ಓರೆಗೆ ಎಳೆದ ಬಟ್ಟೆ ಹಿಗ್ಗಿತು, ನಡುವಿನ ಸೊನ್ನೆ ಉದ್ದಕ್ಕಾಯಿತು. ಓರೆಗೆ ಎಳೆದ ಬಟ್ಟೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ನೋಡಿದ್ರಾ? ನಾನು ಬರೆದದ್ದು ದುಂಡಗೆ. ಈಗ ಬಂದವರು ನೋಡಿದ್ರೆ, ಇವಳು ಮೊಟ್ಟೆ ಬರೆದಿದಾಳೆ ಅಂತಾರೆ. ಆ ಮಹಾನುಭಾವರು ಹೇಳೋದೂ ಅದನ್ನೇ."

"ನೆಲ ಏನು ಬಟ್ಟೇನಾ ಎಳೆಯೋಕೆ?"

"ಬಟ್ಟೇನೇ. ಏನು, ಗುಂಡಿ ಅಂದ್ರೆ ಬಿದ್ದ ದಿನ ಹೇಗಿತ್ತೋ ಹಾಗೇ ಇದ್ದುಬಿಡತ್ತೆ ಅಂದ್ಕೊಂಡ್ರಾ? ಏಟು ಬಿದ್ದ ಕೂಡಲೇ ತಳ ಮೇಲಕ್ಕೆ ಉಬ್ಬತ್ತೆ, ಸುತ್ತಿನ ಗೋಡೆ ಒಳಕ್ಕೆ ಕುಸಿಯತ್ತೆ. ಆಮೇಲೆ ಮಳೆ ಗಾಳಿ ಅಂಚು ತಿನ್ನತ್ತೆ. ಹೊಳೆ ಮಣ್ಣು ತಂದು ತುಂಬತ್ತೆ. ಅದೂ ಸಾಲದು ಅಂತ ಅತ್ತಿತ್ತಿನ ನೆಲವೇ ಬಂದು ಒತ್ತತ್ತೆ, ಉಗುರು ಬೆಳೆಯೋಷ್ಟು ನಿಧಾನಕ್ಕೆ. ಬೆಟ್ಟಗಳೆಲ್ಲ ಹಾಗೇ ಎದ್ದದ್ದು. ಬೆಟ್ಟ ಏಳೋವಾಗ ಪಾಪ ಗುಂಡಿ ಎಲ್ಲಿಗೆ ಓಡತ್ತೆ? ಅಲ್ಲೇ ಸಿಕ್ಕಾಕ್ಕೊಳ್ಳತ್ತೆ."

"ಹಾಗಾದ್ರೆ ಈಗ ಗುಂಡಿ ಎಲ್ಲಿ? ಮೊನ್ನೆ ತೋರಿಸ್ತೀನಿ ಅಂತ ಬಿಸಿಲಲ್ಲಿ ಅಷ್ಟು ದೂರ ನಡೆಸಿದೆಯಲ್ಲ. ನನಗಂತೂ ಏನೂ ಕಾಣ್ಲಿಲ್ಲ."

"ಗುಂಡಿ ಎಲ್ಲೂ ಇಲ್ಲ. ಸವೆದು ಹೋಯ್ತು. ನೀವು ನಿಂತಿದ್ದು ಅದರ ತಳಕ್ಕಿಂತ ಎಷ್ಟೋ ಕೆಳಗೆ. ಏಟು ಮಾತ್ರ ಉಳಿದಿದೆ, ಕಲ್ಲಿನ ಒಳಗೆ."

ಅವಳು ಸೊನ್ನೆಯ ಮೇಲೆ ಕೈಯಾಡಿಸಿದಳು. "ಹುಟ್ಟುವಾಗ ಇದು ದುಂಡಗಿತ್ತು ರೀ. ಯಾರಾದ್ರೂ ಹೇಳ್ಬೇಕಲ್ಲ ಅದನ್ನ."

ಆ ಪ್ಯಾಂಟಿನ ಒಂದು ಕಾಲು ಕೊನೆಗೂ ಸೊಟ್ಟಗೇ ಬಂತು. ಗಿರಾಕಿ ಬಾಯಿಗೆ ಬಂದ ಹಾಗೆ ಬೈದು ಹೋದ. ದರ್ಜಿ ಬೈಸಿಕೊಂಡು ಒಳಗೆ ಬಂದರೆ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವನಿಗೂ ನಗು ತಡೆಯಲಾಗಲಿಲ್ಲ.

*

ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಸುತ್ತ ಜನ ನಿಂತಿದ್ದರು. ಪಕ್ಕದ ಅಂಗಡಿಯ ಕ್ಷೌರಿಕ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಮೆಲ್ಲಗೆ ಹೇಳುತ್ತಿದ್ದ.

"ಒಂದಿನ ನನ್ನ ಅಂಗಡಿಗೆ ಬಂದ್ರು ಸಾರ್. ಕುರ್ಚೀಲಿ ಒಬ್ಬ ಗಿರಾಕಿ ಕೂತಿದ್ದ, ಪೂರ್ತಿ ಬೋಳು, ಸುತ್ತ ಒಂದಿಷ್ಟು ಕೂದಲು. ಅವನ ತಲೆ ತೋರಿಸಿ, ನೋಡಿ, ಅಂಚು ಉಳಿದು ನಡುವೆ ಸವೆಯೋದು ಅಂದ್ರೆ ಹೀಗೆ ಅಂದ್ರು. ಅವನು ಇವತ್ತಿನವರೆಗೂ ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ."

ಮೇಷ್ಟ್ರಿಗೆ ನಗು ಬಂತು, ಜಾಗ ನೋಡಿಕೊಂಡು ಕೆಮ್ಮಿದರು. "ನಾವೂ ಸ್ಟಾಫ್ ರೂಮಲ್ಲಿ ಕಾಡಿಸ್ತಿದ್ವಿ ಮಾರಾಯ. ಇವತ್ತು ನಿಮ್ಮ ಗುಂಡಿ ಎಷ್ಟು ಉದ್ದ ಆಯ್ತು ಟೀಚರ್ ಅಂತ. ಒಂದಿನಾನೂ ಸಿಟ್ಟು ಮಾಡ್ಕೊಳ್ಳಲಿಲ್ಲ. ಉತ್ತರಾನೇ ಕೊಡ್ತಿದ್ರು. ಪಾಪ, ನಾವು ಕೇಳಿದ್ದು ನಿಜವಾಗ್ಲೂ ತಿಳ್ಕೊಳ್ಳೋಕೆ ಅಂದ್ಕೊಂಡಿದ್ರು ಅನ್ಸತ್ತೆ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳನ್ನು ಮಗಳು ಮೊದಲು ನೋಡಿದಳು. ನರೆತ ಕೂದಲು, ಹೆಗಲಲ್ಲಿ ಪ್ರಯಾಣದ ಚೀಲ, ಅತ್ತು ಊದಿದ ಕಣ್ಣು. ಶಿಷ್ಯೆ ಎಂದರೆ ಇನ್ನೂ ಎರಡು ಜಡೆ ಹಾಕಿಕೊಂಡ ಹುಡುಗಿಯೇ ಎಂದುಕೊಂಡಿದ್ದ ಅಕ್ಕ, "ಇವಳಾ ಶಿಷ್ಯೆ? ನನ್ನಷ್ಟೇ ವಯಸ್ಸಾಗಿದೆಯಲ್ಲ!" ಎಂದು ಸಾಕಷ್ಟು ಗಟ್ಟಿಯಾಗಿಯೇ ಹೇಳಿದಳು.

ಶಿಷ್ಯೆ ಪೆಟ್ಟಿಗೆಯ ಪಕ್ಕ ನಿಂತು ಟೀಚರ ಮುಖವನ್ನೇ ನೋಡುತ್ತ ಬಹಳ ಹೊತ್ತು ಅತ್ತಳು. ಅಂಗಿ ಮೈಗೆ ಅಂಟಿದಂತೆ ಕೂತಿತ್ತು. ಶಿಷ್ಯೆ ಕಣ್ಣೊರೆಸಿಕೊಳ್ಳುವುದನ್ನೇ ಕಾಯುತ್ತಿದ್ದ ದರ್ಜಿ ಅವಳ ಮೊಣಕೈ ಮುಟ್ಟಿದ.

"ವ್ಯಾನು ಬರೋಕೆ ಇನ್ನೂ ಹೊತ್ತಿದೆ. ಬಾಮ್ಮ, ಶೆಡ್ಡಿಗೆ ಹೋಗಿ ಬಂದುಬಿಡೋಣ."

"ಈಗ್ಲಾ ಅಂಕಲ್?"

"ಅವಳು ಮನೇಲಿರೋವಾಗ್ಲೇ ನೋಡಿಬಿಡು. ಆಮೇಲೆ ನೋಡಿದ್ರೆ ಏನು ಬಂತು?"

*

ಶಿಷ್ಯೆ ಬರುತ್ತಾಳೆ ಎಂಬ ಸುದ್ದಿ ಬಂದಾಗ ಹೆಂಡತಿ ಹಾಸಿಗೆ ಹಿಡಿದಿದ್ದಳು. ಶೆಡ್ಡಿನ ಬಾಗಿಲು ಮುಚ್ಚಿ ಎಷ್ಟೋ ತಿಂಗಳಾಗಿತ್ತು. ದರ್ಜಿ ಬಾಗಿಲು ತೆರೆದು ನೋಡಿ ನಾಚಿಕೆಯಿಂದ ಕುಗ್ಗಿಹೋದ. ಧೂಳು, ಜೇಡರ ಬಲೆ, ಟ್ರೇಗಳ ತುಂಬ ಮಣ್ಣು ಮೆತ್ತಿದ ಕಲ್ಲು. ಬಿಳಿಯ ಪಕ್ಕ ಕಪ್ಪು, ಕಪ್ಪಿನ ಪಕ್ಕ ಕೆಂಪು, ಒಂದಕ್ಕೊಂದು ತಾಳಮೇಳವಿಲ್ಲ. ಒಂದೊಂದರ ಮೇಲೂ ಯಾರೋ ಮೇಣದ ಪೆನ್ಸಿಲಿನಲ್ಲಿ ಗೀಚಿದ ಗೆರೆ. ಮಧ್ಯೆ ಮಧ್ಯೆ ಮರದ ಚಕ್ಕೆ. ಅಷ್ಟು ದೂರದಿಂದ ದೊಡ್ಡ ಸಂಸ್ಥೆಯವರು ಬಂದು ನೋಡುವುದು ಇದನ್ನೇ ಎನ್ನಿಸಿತು. ಅವಳು ಎದ್ದು ಓಡಾಡುವ ಹಾಗಿದ್ದರೆ ಹೀಗೆ ಬಿಡುತ್ತಿದ್ದಳೇ?

ಅಂಗಡಿ ಮುಚ್ಚಿದ. ಅವಳಿಗೆ ಹೇಳಲಿಲ್ಲ, ಆಶ್ಚರ್ಯಪಡಿಸಬೇಕೆಂದು ಆಸೆ. ಅವಳು ನಿದ್ದೆ ಹೋದಾಗಲೆಲ್ಲ ಶೆಡ್ಡಿಗೆ ಹೋಗಿ, ಸೋಪಿನ ನೀರಿನಲ್ಲಿ ಒಂದೊಂದೇ ಕಲ್ಲನ್ನು ಬ್ರಶ್ಶು ಹಾಕಿ ತೊಳೆದ. ಬಟ್ಟೆಯಿಂದ ಒರೆಸಿದ. ಮರದ ಚಕ್ಕೆಗಳನ್ನು ಒಲೆಗೆ ಹಾಕಿದ. ಮುರಿದ ತುದಿಗಳು ಚೂಪುಚೂಪಾಗಿ ಕೈಗೆ ತರಚುತ್ತಿದ್ದವು. ಅಂಚು ಹಾಗೇ ಬಿಡುವುದು ದರ್ಜಿಯ ಕೈಗೆ ಒಗ್ಗದ ಕೆಲಸ. ಚಾಕು ಹರಿತ ಮಾಡುವವನ ಸಾಣೆ ಚಕ್ರವನ್ನು ಕೇಳಿ ತಂದು, ತುದಿಗಳನ್ನೆಲ್ಲ ನುಣುಪು ಮಾಡಿದ. ಆಮೇಲೆ ತನ್ನ ಅಂಗಡಿಯಲ್ಲಿ ದಾರದ ರೀಲು ಜೋಡಿಸುವ ಹಾಗೆಯೇ ಬಣ್ಣ ನೋಡಿ ನೋಡಿ ಜೋಡಿಸಿದ. ಹಾಲು ಬಿಳಿಯಿಂದ ಶುರು, ಬೂದಿ, ಹೊಗೆ, ಕೆಂಪು, ಕಂದು, ಕೊನೆಗೆ ಕಾಡಿಗೆ ಕಪ್ಪು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಕಣ್ಣಿಗೆ ಗೊತ್ತಾಗದಷ್ಟು ಹದವಾಗಿ ಬಂತು.

ಮುಗಿದ ದಿನ ಮಗಳ ಜೊತೆ ಸೇರಿ ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಿ ಶೆಡ್ಡಿನ ನಡುವೆ ಕೂರಿಸಿ, ದೀಪ ಹಾಕಿದ.

ಅವಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು. ಕೈ ಚಾಚಿ ಒಂದು ಕಲ್ಲನ್ನು ತೊಡೆಯ ಮೇಲೆ ಎಳೆದುಕೊಂಡು, ಅದನ್ನು ಸುತ್ತಲೂ ತಿರುಗಿಸಿ ತಿರುಗಿಸಿ ನೋಡಿದಳು. ಮತ್ತೊಂದನ್ನೂ ಹಾಗೆಯೇ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡ ದರ್ಜಿ, ಶಾಲೆಯಲ್ಲಿ ಬಹುಮಾನಕ್ಕೆ ಕಾಯುವವನ ಹಾಗೆ ನಿಂತಿದ್ದ. ಅವಳು ಕಲ್ಲು ಬಿಟ್ಟು ಅವನ ಕೈ ಹಿಡಿದುಕೊಂಡಳು. ಬೆರಳ ತುದಿಗಳೆಲ್ಲ ಸಾಣೆಗೆ ಸಿಕ್ಕಿ ಸುಲಿದಿದ್ದವು.

"ಎಷ್ಟು ಚೆನ್ನಾಗಿ ಜೋಡ್ಸಿದೀರಿ ರೀ," ಎಂದಳು. "ಕೈ ನೋಡಿ, ಏನಾಗಿದೆ. ಏನಾದ್ರೂ ಹಚ್ಕೋಬಾರ್ದಾ?"

*

"ಅಂಕಲ್, ಶೆಡ್ಡಿಗೆ ಹೋಗೋದು ಬೇಡ," ಎಂದಳು ಶಿಷ್ಯೆ, ಹಿತ್ತಲಿನಲ್ಲಿ ನಿಂತು. "ನನಗೆ ಗೊತ್ತು. ಟೀಚರ್ ಹೇಳಿದ್ರು."

"ಏನು ಹೇಳಿದ್ಲು?"

"ಟ್ರೇ ಸರಿಸೋಕೆ ಹೋಗಿ ತಾನೇ ಬೀಳಿಸ್ಬಿಟ್ಟೆ, ಕಲ್ಲೆಲ್ಲ ಕಲಸಿಹೋಯ್ತು, ಇನ್ನು ಬಂದು ಪ್ರಯೋಜನ ಇಲ್ಲ, ಸುಮ್ನೆ ಅಷ್ಟು ದೂರದಿಂದ ಬರ್ಬೇಡ ಅಂದ್ರು. ಫೋನಲ್ಲಿ. ನಾನು ಅವರ ಜೊತೆ ಮಾತಾಡಿದ್ದು ಅದೇ ಕೊನೆ."

ದರ್ಜಿ ನಕ್ಕುಬಿಟ್ಟ. ನಿನ್ನೆಯಿಂದ ಮೊದಲ ಸಲ. "ಅವಳು ಟ್ರೇ ಸರಿಸೋದಾ? ನೀರಿನ ಲೋಟ ಎತ್ತೋಕೆ ಆಗ್ತಿರ್ಲಿಲ್ಲ ಕಣಮ್ಮ ಅವಳಿಗೆ! ಔಷಧಿ ಮತ್ತಲ್ಲಿ ಏನೋ ಬಡಬಡಿಸಿದಾಳೆ. ಒಂದೂ ಬಿದ್ದಿಲ್ಲ. ನಾನೇ ಜೋಡ್ಸಿಟ್ಟಿದೀನಿ, ಬಾ ನೋಡು."

ಬಾಗಿಲು ತೆರೆದು ದೀಪ ಹಾಕಿದ. ಕಲ್ಲುಗಳು ಬಿಳಿಯಿಂದ ಕಪ್ಪಿನವರೆಗೆ ಮಿರಮಿರ ಹೊಳೆದವು.

ಶಿಷ್ಯೆ ಹೊಸ್ತಿಲಲ್ಲೇ ನಿಂತಳು. ಚೀಲ ಹೆಗಲಿಂದ ಜಾರಿತು, ಎತ್ತಿಕೊಳ್ಳಲಿಲ್ಲ. ಮೆಲ್ಲಗೆ ಒಳಗೆ ಬಂದು ಒಂದು ಕಲ್ಲು ಎತ್ತಿ, ಸುತ್ತಲೂ ತಿರುಗಿಸಿ, ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

"ಟೀಚರ್ ಇದನ್ನ ನೋಡಿದ್ರಾ?"

"ನೋಡಿದ್ಲು. ಚೆನ್ನಾಗಿ ಜೋಡ್ಸಿದೀರಿ ಅಂದ್ಲು."

"ಹೌದು," ಎಂದಳು ಶಿಷ್ಯೆ. "ತುಂಬ ಚೆನ್ನಾಗಿದೆ ಅಂಕಲ್."

ಅಳತೆ ನೋಡಲು ಬಂದ ಗಿರಾಕಿ ಅಂಗಿ ಹಿಡಿಸದೆ, ಹೇಳಲೂ ಆಗದೆ, ಚೆನ್ನಾಗಿದೆ ಎನ್ನುವ ದನಿಯನ್ನು ದರ್ಜಿ ಜೀವಮಾನವಿಡೀ ಕೇಳಿದ್ದ.

"ಏನಾಯ್ತು? ನಿಜ ಹೇಳು."

"ಏನಿಲ್ಲ ಅಂಕಲ್. ವ್ಯಾನು ಬಂದಿರತ್ತೆ, ಬನ್ನಿ."

"ವ್ಯಾನು ನಿಲ್ಲತ್ತೆ. ನೀನು ಹೇಳು. ಎಲ್ಲಿ ತಪ್ಪಾಗಿದೆ?"

ಶಿಷ್ಯೆ ಗೋಡೆಗೆ ಒರಗಿದಳು. ಕೊನೆಗೆ ನೆಲ ನೋಡುತ್ತ ಹೇಳಿದಳು. "ಇವು ಒಂದರ ಕೆಳಗೊಂದು ಇದ್ದ ಕಲ್ಲು ಅಂಕಲ್. ಯಾವುದು ಎಷ್ಟು ಆಳದ್ದು ಅಂತ ಆ ಮರದ ಚಕ್ಕೆ ಮೇಲೆ ಬರೆದಿರ್ತಿತ್ತು. ಮೇಣದ ಗೆರೆ ಇತ್ತಲ್ಲ, ಅದು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ. ಕಲ್ಲು ನೆಲದೊಳಗೆ ಯಾವ ದಿಕ್ಕಿಗೆ ಮುಖ ಮಾಡಿತ್ತು ಅಂತ ಗೊತ್ತಾಗೋದೇ ಅದರಿಂದ. ದಿಕ್ಕು ಗೊತ್ತಾದ್ರೆ ತಾನೇ, ಯಾವ ಕಡೆಯಿಂದ ಒತ್ತಿತ್ತು, ಎಷ್ಟು ಒತ್ತಿತ್ತು ಅಂತ ಹೇಳೋಕಾಗೋದು."

ದರ್ಜಿ ತನ್ನ ಬೆರಳ ತುದಿಗಳನ್ನು ನೋಡಿಕೊಂಡ. "ಆ ಗೆರೆ ಸೋಪಲ್ಲಿ ಹೋಗ್ಲಿಲ್ಲ," ಎಂದ. "ಸೀಮೆಎಣ್ಣೆ ಹಾಕಿ ಉಜ್ಜಿದೆ."

ಶಿಷ್ಯೆ ಕೈಯಲ್ಲಿದ್ದ ಕಲ್ಲನ್ನು ಟ್ರೇಯಲ್ಲಿ ಮರಳಿ ಇಟ್ಟಳು.

"ಮುರಿದ ತುದಿ ಒಂದಕ್ಕೊಂದು ಕೂರಿಸಿ ನೋಡಿದ್ರೆ? ಹರಿದ ಬಟ್ಟೆ ಜೋಡಿಸ್ತೀವಲ್ಲ ಹಾಗೆ? ನಾನು ಕೂತು ಮಾಡ್ತೀನಿ. ನನಗೆ ಬೇರೆ ಏನು ಕೆಲಸ ಇದೆ ಇನ್ನು?" ಎಂದು ಕೇಳುತ್ತಲೇ ಒಂದು ಕಲ್ಲು ಎತ್ತಿ ತುದಿ ನೋಡಿದ. ಅವನ ಕೈಯ ಕೆಲಸ, ಕನ್ನಡಿಯ ಹಾಗೆ ನುಣ್ಣಗಿತ್ತು. ಕೆಳಗಿಟ್ಟ.

"ಮತ್ತೆ ಕೊರೆಸಿದ್ರೆ?"

"ಅಲ್ಲೀಗ ಸಿಮೆಂಟ್ ಕಾರ್ಖಾನೆ ಎದ್ದಿದೆ. ಮತ್ತೆ ಕೊರೆಸೋದಕ್ಕೆ ನಮ್ಮ ಸಂಸ್ಥೆಯವರು ಒಪ್ಪೋದೂ ಇಲ್ಲ. ಅವರ ಮಟ್ಟಿಗೆ ಅದು ಮುಗಿದ ಮಾತು."

"ಹಾಗಾದ್ರೆ ಅವಳು ಹೇಳಿದ್ದು?"

"ಸರಿ ಇರಬಹುದು ಅಂಕಲ್. ಸರಿ ಅಂತಲೇ ನನಗನ್ಸತ್ತೆ. ಆದ್ರೆ ಅನ್ಸೋದನ್ನ ಯಾರೂ ಕೇಳಲ್ಲ. ಹುಟ್ಟುವಾಗಲೇ ಉದ್ದ ಇತ್ತು ಅಂತಲೇ ಪುಸ್ತಕದಲ್ಲಿ ಇರತ್ತೆ."

ದರ್ಜಿ ಹೆಂಡತಿ ಕೂತಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡ. ಅದು ಅಂದಿನಿಂದ ಅಲ್ಲೇ ಇತ್ತು.

"ಅಂಗಿ ಇಸ್ತ್ರಿ ಸರಿಯಿಲ್ಲದಿದ್ರೆ ಬೈಯೋಳು. ಸಾರಿಗೆ ಉಪ್ಪು ಜಾಸ್ತಿ ಹಾಕಿದ್ರೆ ಬೈಯೋಳು. ಜೋರಾಗಿ ಸೀನಿದ್ರೆ ಬೈಯೋಳು ಕಣಮ್ಮ. ಇದಕ್ಕೆ ಬೈಲಿಲ್ಲ," ಎಂದ. "ಇದಕ್ಕೆ ಒಂದು ಮಾತು ಬೈದಿದ್ರೆ ಆಗ್ತಿತ್ತಲ್ಲ. ಅವಳು ಇಷ್ಟು ದಿನ ಗೋಡೆ ಕಡೆ ತಿರುಗಿ ಮಲಗ್ತಿದ್ದದ್ದು ನೋವಿಗೆ ಅಂತ ನಾನು ಮಾತ್ರೆ ಕೊಡ್ತಿದ್ದೆ."

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಶಿಷ್ಯೆ ಅಳುತ್ತ, "ನಾನು ಹೇಳ್ಬಾರದಿತ್ತು," ಎಂದಳು. ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಿರಲಿಲ್ಲ.

*

ಮಣ್ಣು ಮಾಡುವ ಜಾಗದಲ್ಲಿ ಜಾಗವೇ ಇರಲಿಲ್ಲ. ಗೋರಿಗೆ ಗೋರಿ ತಾಗಿಕೊಂಡು, ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ದಾರಿ. ಎರಡು ಹಳೆಯ ಸಿಮೆಂಟು ಗೋರಿಗಳ ನಡುವೆ ಹೇಗೋ ಹೊಂಚಿ ಗುಂಡಿ ತೋಡಿದ್ದ ಗೋರಿ ತೋಡುವವನು, ಪೆಟ್ಟಿಗೆ ಇಳಿಸುವಾಗ "ಮೆಲ್ಲಗೆ, ಮೆಲ್ಲಗೆ, ಆ ಕಡೆ ಅಂಚು ಕುಸಿಯತ್ತೆ" ಎಂದು ಎಲ್ಲರ ಮೇಲೂ ಕೂಗಾಡುತ್ತಿದ್ದ.

ಎಲ್ಲರೂ ಮಣ್ಣು ಹಾಕಿದರು. ಅಕ್ಕ ಮಣ್ಣು ಹಾಕುವಾಗ, "ಹೋಗು ಮಾರಾಯ್ತಿ, ನೆಲದೊಳಗೆ ಏನಿದೆ ಅಂತ ಇನ್ನಾದ್ರೂ ಕಣ್ತುಂಬ ನೋಡ್ಕೋ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ದರ್ಜಿ ಅಳಲಿಲ್ಲ. ಅವನು ಅಳದಿದ್ದದ್ದನ್ನು ನೋಡಿ ಕ್ಷೌರಿಕ ಹೆಗಲ ಮೇಲೆ ಕೈಯಿಟ್ಟು, "ಅತ್ತುಬಿಡಿ, ಹಗುರ ಆಗತ್ತೆ," ಎಂದ. ಅತ್ತರೆ ಹಗುರವಾಗಿಬಿಡುತ್ತದಲ್ಲ ಎಂದೇ ದರ್ಜಿಗೆ ಹೆದರಿಕೆಯಾಗಿತ್ತು.

ಜನ ಚದುರಿದ ಮೇಲೆ ಗೋರಿ ತೋಡುವವನು ಗುದ್ದಲಿಯಿಂದ ಮಣ್ಣಿನ ಗುಡ್ಡೆಯನ್ನು ತಟ್ಟಿ ಸರಿಮಾಡುತ್ತ ಹೇಳಿದ. "ಒಂದು ಮಳೆ ಬಂದ್ರೆ ಇದು ಕೂತ್ಕೊಳ್ಳತ್ತೆ ಯಜಮಾನ್ರೇ, ತಗ್ಗಾಗತ್ತೆ. ಗುರುತು ಸಿಗಲ್ಲ ಆಮೇಲೆ. ಸುತ್ತ ಒಂದಿಷ್ಟು ಕಲ್ಲು ಇಟ್ಬಿಡಿ, ಮಣ್ಣು ಹರಿದು ಹೋಗಲ್ಲ."

"ಕಲ್ಲಾ?" ಎಂದ ದರ್ಜಿ. "ಕಲ್ಲಿದೆ."

ಮಗಳು ತಿರುಗಿ ನೋಡಿದಳು. "ಅಪ್ಪಾ, ಯಾವ ಕಲ್ಲು? ಅಮ್ಮನದ್ದಾ? ತಲೆ ಕೆಟ್ಟಿದೆಯಾ ನಿಮಗೆ? ಆ ಮೇಡಂ ತಗೊಂಡು ಹೋಗಲ್ವಾ?"

"ಅವಳು ಬಸ್ ಹತ್ತಿ ಹೋದ್ಲು."

"ಮತ್ತೆ ಯಾವಾಗ ಬರ್ತಾರೆ?"

ದರ್ಜಿ ಹೇಳಿದ. ಹೆಚ್ಚು ಮಾತಾಡಲಿಲ್ಲ. ಗೆರೆ ಉಜ್ಜಿದ್ದು, ಚಕ್ಕೆ ಸುಟ್ಟಿದ್ದು, ಅಮ್ಮ ಫೋನಿನಲ್ಲಿ ಏನೆಂದಳು ಎನ್ನುವುದು. ಮಗಳು ಕುರ್ಚಿಯ ಒಂದು ಕಡೆ ತಾನು ಹಿಡಿದು ಅಮ್ಮನನ್ನು ಶೆಡ್ಡಿಗೆ ಹೊತ್ತದ್ದನ್ನು ನೆನೆಸಿಕೊಂಡಳು. ಕಲ್ಲಿನ ಮೇಲೆ ಅವಳಿಗೆ ಚಿಕ್ಕಂದಿನಿಂದಲೂ ಹೊಟ್ಟೆಕಿಚ್ಚಿತ್ತು. ಅಮ್ಮ ತನ್ನನ್ನು ಅಷ್ಟು ಹೊತ್ತು ನೋಡುತ್ತ ಕೂತಿದ್ದೇ ಇಲ್ಲ ಎಂದು ಎಷ್ಟೋ ಸಲ ಅತ್ತಿದ್ದಳು. ಈಗ ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ.

"ಗೊತ್ತಿರ್ಲಿಲ್ಲ ನಿಮಗೆ," ಎಂದಳು.

"ಕೇಳಬಹುದಿತ್ತು. ಪಕ್ಕದ ಕೋಣೇಲೇ ಇದ್ಲು."

*

ಮಗಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದಳು. ಶಾಲೆಯ ಕಾರನ್ನೇ ಕೇಳಿ ತಂದು, ಹಿಂದಿನ ಸೀಟು ಮಡಿಸಿ ಕಲ್ಲು ತುಂಬಿದರು. ಕಾರಿನ ಹಿಂಭಾಗ ನೆಲಕ್ಕೆ ತಾಗುವಷ್ಟು ಕುಗ್ಗಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ, ಬೆಳಿಗ್ಗೆ ಆ ಕಲ್ಲನ್ನು ಮೂಲೆಗೆ ಸುರಿಯುತ್ತೇನೆಂದು ಬೊಬ್ಬೆ ಹೊಡೆದವಳು, ಕೆಳಗೆ ಬಿದ್ದ ಕಲ್ಲೊಂದನ್ನು ಎತ್ತಿ ಒಳಗಿಟ್ಟಳು. ಪಕ್ಕದ ಸೀಟಿನಲ್ಲಿ ಕೂತ ದರ್ಜಿಯ ಕಾಲಿಗೆ ಕಲಿಸುವವರ ಬ್ರೇಕು ಸಿಗುತ್ತಿತ್ತು. ಒಂದು ತಿರುವಿನಲ್ಲಿ ಗೊತ್ತಾಗದೆ ತುಳಿದುಬಿಟ್ಟ. ಹಿಂದೆ ಕಲ್ಲುಗಳು ಒಂದರ ಮೇಲೊಂದು ಉರುಳಿದವು, ಬಿಳಿಯೂ ಕಪ್ಪೂ ಕಲಸಿಹೋದವು. ಮಗಳು ಬೈಯಲಿಲ್ಲ. ಹಿಂದೆ ತಿರುಗಿಯೂ ನೋಡಲಿಲ್ಲ.

ಬಿಸಿಲು ಇಳಿಯುತ್ತಿತ್ತು. ದರ್ಜಿ ಮೊಣಕಾಲೂರಿ ಒಂದೊಂದೇ ಕಲ್ಲನ್ನು ಗುಡ್ಡೆಯ ಸುತ್ತ ಇಡುತ್ತ ಬಂದ. ಮಗಳು ಕಾರಿನಿಂದ ತಂದು ತಂದು ಕೊಟ್ಟಳು. ಬಣ್ಣ ನೋಡಲಿಲ್ಲ. ಕೈಗೆ ಸಿಕ್ಕಿದ್ದು ಸಿಕ್ಕ ಹಾಗೆ. ತಲೆಯ ಕಡೆಯಿಂದ ಶುರುಮಾಡಿ, ಪಕ್ಕದಲ್ಲಿ ಬಂದು, ಕಾಲಿನ ಕಡೆ ಸುತ್ತಿ, ಮತ್ತೆ ತಲೆಯ ಕಡೆಗೆ ಬಂದು ಸುತ್ತು ಮುಗಿಯಿತು. ಎದ್ದು, ಸೊಂಟ ಹಿಡಿದುಕೊಂಡು, ಹಿಂದೆ ಸರಿದು ನೋಡಿದ.

ಉದ್ದಕ್ಕಿತ್ತು.

"ಇದು ಸರಿ ಇಲ್ಲ," ಎಂದ.

"ಸರಿ ಇದೆ ಅಪ್ಪಾ. ಗೋರಿ ಇರೋದೇ ಉದ್ದ."

"ದುಂಡಗಿರ್ಬೇಕು."

ಮತ್ತೆ ಮೊಣಕಾಲೂರಿ, ನಡುವಿನ ಕಲ್ಲುಗಳನ್ನು ಹೊರಕ್ಕೆ ಸರಿಸತೊಡಗಿದ. ಒಂದು ಗೇಣು ಸರಿಯುವಷ್ಟರಲ್ಲಿ ಕಲ್ಲು ಪಕ್ಕದ ಗೋರಿಯ ಸಿಮೆಂಟು ಕಟ್ಟೆಗೆ ಟಣ್ ಎಂದು ತಾಗಿ ನಿಂತಿತು. ಈಚೆಗೆ ಬಂದು ಈ ಕಡೆಯ ಕಲ್ಲನ್ನು ಸರಿಸಿದ. ಅದೂ ತಾಗಿತು. ಎರಡೂ ಅಂಗೈ ಊರಿ, ಮೈಯ ಭಾರವೆಲ್ಲ ಬಿಟ್ಟು ತಳ್ಳಿದ. ಕಟ್ಟೆ ಜಗ್ಗಲಿಲ್ಲ.

"ಅಪ್ಪಾ, ಜಾಗ ಇಲ್ಲ. ಎರಡು ಕಡೇನೂ ಬೇರೆಯವರು ಇದಾರೆ."

ತಲೆಯ ಕಡೆಯ ಕಲ್ಲನ್ನು ಒಳಕ್ಕೆ ತಂದರೆ ಅದು ಗುಡ್ಡೆಯ ಮೇಲೆ ಹತ್ತುತ್ತಿತ್ತು, ಅವನು ಬಿಗಿ ಮಾಡಿದ ಅಂಗಿಯ ಮೇಲೆ, ಅವಳ ಎದೆಯ ಮೇಲೆ. ಎತ್ತಿದ ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು, ಎರಡು ಸಿಮೆಂಟು ಕಟ್ಟೆಗಳ ನಡುವೆ ಮೊಣಕಾಲೂರಿದ್ದ ದರ್ಜಿ ಆ ಕಡೆ ನೋಡಿದ, ಈ ಕಡೆ ನೋಡಿದ. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.